ಅಲಿಬಾಗಿನ ಬಳಿಯ ರೇವದಂಡ ಕಡಲತೀರದಲ್ಲಿ ಟೆಂಟು ಹಾಕುವವರು ಮೊದಲು ತಿಥಿ ನೋಡಿ

ರಾತ್ರಿ ಹನ್ನೆರಡೂವರೆಗೆ ಮಗಳು ಎಬ್ಬಿಸಿದಳು, "ಅಪ್ಪ, ಚಾಪೆ ಒದ್ದೆ." ಟಾರ್ಚು ಹಾಕಿದರೆ ಟೆಂಟಿನ ಬಾಗಿಲಲ್ಲೇ ನೊರೆ. ಅವತ್ತು ಹುಣ್ಣಿಮೆ. "ಇಲ್ಲಿವರೆಗೆ ನೀರು ಬರೋದೇ ಇಲ್ಲ ಸಾಬ್" ಎಂದು ಟೆಂಟಿನವನು ಸಂಜೆಯಷ್ಟೇ ಭರವಸೆ ಕೊಟ್ಟಿದ್ದ. ತಲೆಗೆ 1,500ರಂತೆ ನಾಲ್ವರ ದುಡ್ಡು ಮುಂಗಡವಾಗಿ ಅವನ ಕೈಸೇರಿತ್ತು. ಹಾಸಿಗೆ ಹೊತ್ತುಕೊಂಡು ಗಾಳಿಮರದ ತೋಪಿಗೆ ಓಡಿದೆವು. ಅಲ್ಲಿ ಪಕ್ಕದ ಗುಂಪಿನ ಸ್ಪೀಕರು ಮೂರು ಗಂಟೆವರೆಗೆ ಬಡಿಯಿತು. ಬೆಳಿಗ್ಗೆ ದುಡ್ಡು ಕೇಳಿದರೆ "ಸಮುದ್ರ ನನ್ನ ಕೈಲಿದೆಯಾ?" ಅಂದ. ಒಂದು ರೂಪಾಯಿ ವಾಪಸ್ ಬರಲಿಲ್ಲ.

ಮುಂಬಯಿ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಸಮುದ್ರದ ಭರತ (ಉಬ್ಬರ) ಜೋರು. ಅದೂ ನಡುಹಗಲು, ನಡುರಾತ್ರಿ ಹನ್ನೆರಡು–ಒಂದರ ಸುಮಾರಿಗೆ, ಎಲ್ಲರೂ ಮಲಗಿರುವಾಗ. ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗುತ್ತಾ ಹೋಗುತ್ತದೆ. ಅಷ್ಟಮಿ ಆಸುಪಾಸಿನಲ್ಲಿ ನೀರು ಅಷ್ಟು ಮೇಲೆ ಬರುವುದಿಲ್ಲ. ಮಕ್ಕಳಿದ್ದರೆ ಆ ದಿನಗಳನ್ನೇ ಆರಿಸಿ. ಜಾಗಕ್ಕೆ ಹೋದ ಕೂಡಲೇ ಮರಳು ನೋಡಿ. ಒಣಗಿದ ಪಾಚಿ, ಚಿಪ್ಪು, ಹರಿದ ಚಪ್ಪಲಿ ಸಾಲಾಗಿ ಬಿದ್ದಿರುವ ಗೆರೆಯೊಂದು ಇರುತ್ತದೆ, ನೀರು ಅಲ್ಲಿವರೆಗೆ ಬಂದೇ ಹೋಗಿದೆ. ನಮ್ಮ ಟೆಂಟು ಅದಕ್ಕಿಂತ ಹತ್ತು ಹೆಜ್ಜೆ ಸಮುದ್ರದ ಕಡೆಗಿತ್ತು!

ಅಲಿಬಾಗಿನಲ್ಲಿ ಸಮುದ್ರದೊಳಗಿರುವ ಕೊಲಾಬಾ ಕೋಟೆಗೂ ಇದೇ ಲೆಕ್ಕ. ಇಳಿತದಲ್ಲಿ ನಡೆದೇ ಹೋಗಬಹುದು, ಕುದುರೆ ಗಾಡಿಯೂ ಇದೆ. ಹುಣ್ಣಿಮೆಯ ಮಧ್ಯಾಹ್ನ ಹೋದ ನಮಗೆ ಸಿಕ್ಕಿದ್ದು ನೀರು ಮಾತ್ರ.

ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದಿಂದ ಆಚೆ ದಡದ ಮಾಂಡ್ವಾಕ್ಕೆ ದೋಣಿಯಲ್ಲೇ ಹೋಗಿ, ಮಳೆಗಾಲ ಬಿಟ್ಟು. ಅಲಿಬಾಗಿನವರೆಗಿನ ಬಸ್ಸು ದೋಣಿಯ ಟಿಕೆಟ್ಟಿನಲ್ಲೇ ಸೇರಿರುತ್ತದೆ, ಹೊರಗೆ ರಿಕ್ಷಾದವರು ಕರೆದರೆ ಹೋಗಬೇಡಿ. ಅಲಿಬಾಗಿನಿಂದ ರೇವದಂಡ ಸುಮಾರು 17 ಕಿ.ಮೀ., ಎಸ್‌ಟಿ (ಸರ್ಕಾರಿ) ಬಸ್ಸು ಸಿಗುತ್ತದೆ.

ಒದ್ದೆ ಚಾದರಗಳೊಂದಿಗೆ ಪೇಟೆಗೆ ಬಂದಾಗ ನಮ್ಮನ್ನು ಉಳಿಸಿದ್ದು ಒಂದು ಖಾನಾವಳಿ. ಮನೆಯ ಜಗಲಿಯಲ್ಲಿ ನಾಲ್ಕೇ ಮೇಜು, ಬೋರ್ಡೂ ಇಲ್ಲ. ಕೋಳಿ ಎಂಬ ಮೀನುಗಾರ ಸಮಾಜದ ಅಜ್ಜಿಯೊಬ್ಬರು ಅಂಗೈಗೆ ನೀರು ಹಚ್ಚಿಕೊಂಡು ಅಕ್ಕಿಹಿಟ್ಟಿನ ಭಾಕರಿ ತಟ್ಟುತ್ತಿದ್ದರು. ಹೆಂಚಿನ ಮೇಲೆ ಮಗುಚಿದ ಮೇಲೆ ಬೆಂಕಿಗೆ ಹಿಡಿದರೆ ಪುಗ್ಗೆಯಂತೆ ಉಬ್ಬುತ್ತಿತ್ತು. ರವೆಯಲ್ಲಿ ಹೊರಳಿಸಿ ಕಾಯಿಸಿದ ಬಂಗುಡೆ, ತೆಂಗಿನಕಾಯಿ ಅರೆದ ಸಾರು, ಅನ್ನ. ಸೋಲ್ ಕಢಿ ಅಂದರೆ ತೆಂಗಿನ ಹಾಲಿಗೆ ನಮ್ಮ ಪುನರ್ಪುಳಿ (ಕೋಕಂ) ಕಿವುಚಿ, ಬೆಳ್ಳುಳ್ಳಿ, ಹಸಿಮೆಣಸು ಹಾಕಿದ್ದು. ಮೂರು ಲೋಟ ಕುಡಿದೆ, ಒಂದಕ್ಕೇ ದುಡ್ಡು ತೆಗೆದುಕೊಂಡರು. ತಟ್ಟೆಗೆ 200 ರೂಪಾಯಿ. ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದೂ ಇಂಥ ಮೀನಿನೂಟ ನಾನು ಉಂಡಿರಲಿಲ್ಲ. ಹನ್ನೊಂದರೊಳಗೆ ಹೇಳಿಟ್ಟರೆ ಮಾತ್ರ ಊಟ.

ಜನಜಂಗುಳಿ ಆಗದವರು ಕಾಶಿದ್ ಬೀಚು ಬಿಟ್ಟು ಕೊರ್ಲಾಯಿಗೆ ಹೋಗಿ. ರೇವದಂಡದಿಂದ ಕುಂಡಲಿಕಾ ನದಿಯ ಸೇತುವೆ ದಾಟಿದರೆ ಸಿಗುವ ಹಳ್ಳಿ, ಗುಡ್ಡದ ಮೇಲೆ ಪೋರ್ಚುಗೀಸರ ಕೋಟೆ. 1740ರಲ್ಲಿ ಅವರು ಈ ಸೀಮೆ ಬಿಟ್ಟುಹೋದರೂ ಅಲ್ಲಿನ ಕ್ರೈಸ್ತರು ಪೋರ್ಚುಗೀಸ್ ಮೂಲದ ಮಾತನ್ನು ಇವತ್ತಿಗೂ ಮನೆಯಲ್ಲಿ ಆಡುತ್ತಾರೆ. "ನೋ ಲಿಂಗ್", ಅಂದರೆ ನಮ್ಮ ಭಾಷೆ, ಎನ್ನುತ್ತಾರೆ. ಬಲೆ ಹೊಲಿಯುತ್ತಿದ್ದವರ ಮಾತು ಕೇಳುತ್ತಾ ಮಗಳು ಅರ್ಧ ಗಂಟೆ ಅಲ್ಲೇ ಕೂತಳು.

ಸಂಜೆ ಮರಳಿ ಬಂದಾಗ ಅಜ್ಜಿ ನಮ್ಮ ಚಾದರಗಳನ್ನು ಒಣಗಿಸಿ, ಮಡಚಿ ಜಗಲಿಯಲ್ಲಿಟ್ಟಿದ್ದರು.