ಅರವತ್ತು ಚೀಲ ರೋಬಸ್ಟಾ, ಲಂಡನ್ ರೇಟು ಮತ್ತು ತಪ್ಪಿದ ಲೆಕ್ಕ

ಕೊಯ್ಲು ಮುಗಿಯುವ ಹೊತ್ತಿಗೆ ಮೂಡಿಗೆರೆ ರಸ್ತೆಯ ಕಾಫಿ ಖರೀದಿ ಗೋದಾಮೊಂದರಲ್ಲಿ ಇಡೀ ದಿನ ಒಂದೇ ಲೆಕ್ಕದ ಮೇಲೆ ಮಾತು ನಡೆಯಿತು. ಬೆಳೆಗಾರರೊಬ್ಬರು ಅರವತ್ತು ಚೀಲ ರೋಬಸ್ಟಾ ಚೆರ್ರಿ, ಅಂದರೆ ಕಣದಲ್ಲಿ ಇಡಿಯಾಗಿ ಒಣಗಿಸಿದ ರೋಬಸ್ಟಾ ಜಾತಿಯ ಕಾಫಿ ಹಣ್ಣು, ತಂದಿದ್ದರು, ಜೊತೆಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ. ವ್ಯಾಪಾರಿ ಚೀಲಕ್ಕೆ 10,660 ರೂಪಾಯಿ ಅಂದರು. ಮಗ ಫೋನು ತೆಗೆದ. ಲಂಡನ್ನಿನ ಕಾಫಿ ವಿನಿಮಯ ಪೇಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್, ಡಾಲರಿಗೆ 85 ರೂಪಾಯಿ, ಕೆಜಿಗೆ 425 ಆಯಿತು, ಐವತ್ತು ಕೆಜಿಯ ಚೀಲಕ್ಕೆ 21,250. “ಉಳಿದ ಅರ್ಧ ದುಡ್ಡು ಎಲ್ಲಿಗೆ ಹೋಯ್ತು ಅಣ್ಣ?” ಎಂದು ಕೇಳಿದ. ಓದುವವರಿಗೆ ಸುಲಭವಾಗಲಿ ಎಂದು ಲಂಡನ್ ಮತ್ತು ಡಾಲರ್ ದರವನ್ನು ಇಲ್ಲಿ ದುಂಡಾಗಿಸಿದ್ದೇನೆ. ಪ್ರಶ್ನೆ ಮಾತ್ರ ಅದೇ. ಆ ಹುಡುಗ ಒಬ್ಬನೇ ಕೇಳುವ ಪ್ರಶ್ನೆಯೂ ಅಲ್ಲ. ಅದೇ ಗುಣಾಕಾರ ಮಾಡಿ, “ಕಾಫಿ ಬೆಳೆಗಾರರಿಗೆ ಹಗಲು ದರೋಡೆ” ಎಂದು ತಲೆಬರಹ ಕೊಟ್ಟ ಸಂದೇಶಗಳು ಆ ವಾರವೆಲ್ಲ ಫೋನಿನಿಂದ ಫೋನಿಗೆ ಓಡುತ್ತಿದ್ದವು.

“ಗೌಡ್ರೇ, ಭತ್ತ ತಂದು ಅಕ್ಕಿ ರೇಟು ಕೇಳಿದ್ರೆ ಹ್ಯಾಗೆ?” ಎಂದರು ವ್ಯಾಪಾರಿ, ಮಗನಿಗಲ್ಲ, ಅಪ್ಪನಿಗೆ.

ಹುಡುಗನ ಗುಣಾಕಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಗುಣಿಸಿದ ವಸ್ತುವಿನಲ್ಲಿ. ಲಂಡನ್ನಿನಲ್ಲಿ ದರ ಕಟ್ಟುವುದು ಸಿಪ್ಪೆ ತೆಗೆದ ಬೀಜಕ್ಕೆ. ಕಣದಲ್ಲಿ ಒಣಗಿದ ಚೆರ್ರಿಯಲ್ಲಿ ಬೀಜದ ಜೊತೆ ಒಣಗಿದ ತೊಗಟೆ, ತಿರುಳು, ಒಳಸಿಪ್ಪೆ ಎಲ್ಲವೂ ಇರುತ್ತವೆ. ತೂಕದಲ್ಲಿ ಸರಿಸುಮಾರು ಅರ್ಧ ಅದೇ. ಐವತ್ತು ಕೆಜಿ ಚೆರ್ರಿ ಸುಲಿದರೆ ಸಿಗುವ ಬೀಜ ಎಷ್ಟು ಕೆಜಿಯೋ ಅದಕ್ಕೆ ನಮ್ಮಲ್ಲಿ ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ, ಎನ್ನುತ್ತಾರೆ. ರೋಬಸ್ಟಾ ಚೆರ್ರಿಗೆ ಓಟಿ ಸಾಮಾನ್ಯವಾಗಿ 26ರ ಆಸುಪಾಸು. ಆ ದಿನ ವ್ಯಾಪಾರಿ ಹಿಡಿದ ದರ ಓಟಿಗೆ, ಅಂದರೆ ಬೀಜದ ಒಂದು ಕೆಜಿಗೆ, 410 ರೂಪಾಯಿ, ಮಾದರಿಯಲ್ಲಿ ಬಂದ ಓಟಿ 26. ಎರಡನ್ನೂ ಗುಣಿಸಿದರೆ 10,660. ಲಂಡನ್ನಿನ 425ಕ್ಕೂ ಇಲ್ಲಿನ 410ಕ್ಕೂ ನಡುವಿನ ಹದಿನೈದು ರೂಪಾಯಿಯಲ್ಲಿ ಹಲ್ಲಿಂಗ್ (ಸಿಪ್ಪೆ ಸುಲಿಯುವುದು), ಗ್ರೇಡಿಂಗ್, ಗೋಣಿ, ಮಂಗಳೂರು ಬಂದರಿನ ತನಕ ಲಾರಿ ಬಾಡಿಗೆ, ಬಡ್ಡಿ, ಲಾಭ ಎಲ್ಲ ಬರಬೇಕು. ಅರ್ಧ ದುಡ್ಡನ್ನು ಯಾರೂ ನುಂಗಿರಲಿಲ್ಲ. ಅರ್ಧ ತೂಕ ಸಿಪ್ಪೆಯದಾಗಿತ್ತು.

ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾದಲ್ಲಿ ಈ ಗೊಂದಲ ಬೇರೆ ರೂಪ ತಾಳುತ್ತದೆ. ಅದಕ್ಕೆ ದರ ಕಟ್ಟುವ ನ್ಯೂಯಾರ್ಕ್ ಪೇಟೆಯ ಅಂಕಿ ಟನ್ನಿಗೂ ಅಲ್ಲ, ಕೆಜಿಗೂ ಅಲ್ಲ, ಪೌಂಡಿಗೆ, ಅದೂ ಸೆಂಟ್‌ನಲ್ಲಿ. ಪೌಂಡು ಅಂದರೆ 453.6 ಗ್ರಾಂ. 300 ಸೆಂಟ್ ಎಂದು ಕಂಡರೆ ಕೆಜಿಗೆ 6.61 ಡಾಲರ್, 85ರಂತೆ 562 ರೂಪಾಯಿ. ಹಸಿ ಹಣ್ಣನ್ನು ಪಲ್ಪರ್ ಎಂಬ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಹಾಕಿ, ತೊಳೆದು, ಒಣಗಿಸಿದ ಪಾರ್ಚ್‌ಮೆಂಟ್‌ನಲ್ಲಿ ಹೊರತೊಗಟೆ ಮೊದಲೇ ಹೋಗಿ ಒಳಸಿಪ್ಪೆ ಮಾತ್ರ ಉಳಿದಿರುವುದರಿಂದ ಐವತ್ತು ಕೆಜಿಗೆ ಸುಮಾರು ನಲವತ್ತು ಕೆಜಿ ಬೀಜ ಸಿಗುತ್ತದೆ. ಹಾಗಾಗಿ ಒಂದೇ ತೂಕದ ಚೀಲಕ್ಕೆ ಪಾರ್ಚ್‌ಮೆಂಟ್ ದರವೂ ಚೆರ್ರಿ ದರವೂ ಅಷ್ಟು ದೂರ ದೂರ. ಪೇಟೆ ದರದ ಪಟ್ಟಿಯಲ್ಲಿ ಎಪಿ, ಎಸಿ, ಆರ್‌ಪಿ, ಆರ್‌ಸಿ (ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ) ಎಂದು ನಾಲ್ಕು ಸಾಲು ಬರುವುದನ್ನು ನೋಡದೆ “ಕಾಫಿ ರೇಟು ಇಷ್ಟು” ಎಂದು ಒಂದೇ ಅಂಕಿ ಹೇಳುವವರ ಮಾತನ್ನು ನಂಬಬಾರದು.

ನನಗೆ ನಿಜಕ್ಕೂ ಸಂಕಟವಾದದ್ದು ಇದಾದ ಮೇಲೆ. “ಅರ್ಧ ದುಡ್ಡು” ಎಂಬ ಇಲ್ಲದ ಕಳ್ಳತನದ ಮೇಲೆ ಮುಕ್ಕಾಲು ಗಂಟೆ ಮಾತು ಬೆಳೆಯಿತು. ದುಡ್ಡು ನಿಜವಾಗಿ ಸೋರಿಹೋಗಬಹುದಾದ ಎರಡು ಜಾಗಗಳನ್ನು ಅಪ್ಪನೂ ನೋಡಲಿಲ್ಲ, ಮಗನೂ ನೋಡಲಿಲ್ಲ. ಮಾದರಿ ತೆಗೆದದ್ದು ಮೇಲಿದ್ದ ಎರಡು ಮೂರು ಚೀಲದ ಬಾಯಿಂದ, ಹಿಡಿ ಹಿಡಿಯಷ್ಟು. ಅದರಲ್ಲಿ ನೂರು ಗ್ರಾಂ ತೂಗಿ, ಪುಟ್ಟ ಹಲ್ಲರ್‌ನಲ್ಲಿ ಸುಲಿದು, ಬಂದ 52 ಗ್ರಾಮನ್ನು ಅರ್ಧ ಮಾಡಿ ಓಟಿ 26 ಎಂದು ಬರೆದರು. ನೂರು ಗ್ರಾಮಿನಲ್ಲಿ ಒಂದು ಗ್ರಾಂ ಆಚೀಚೆ ಆದರೆ ಓಟಿ ಅರ್ಧ ಪಾಯಿಂಟ್ ಆಚೀಚೆ. ನಾಲ್ಕೈದು ಬೀಜ ಯಂತ್ರದ ಮೂಲೆಯಲ್ಲಿ ಸಿಕ್ಕಿಕೊಂಡರೂ ಸಾಕು, ಒಂದು ಗ್ರಾಂ ಹತ್ತಿರಕ್ಕೆ ಹೋಗುತ್ತದೆ. ಅರ್ಧ ಪಾಯಿಂಟ್ ಎಂದರೆ ಚೀಲಕ್ಕೆ 205 ರೂಪಾಯಿ, ಅರವತ್ತು ಚೀಲಕ್ಕೆ 12,300. ಇದರಲ್ಲಿ ಯಾರ ಮೋಸವೂ ಇರಬೇಕಿಲ್ಲ. ಮಾದರಿ ಚಿಕ್ಕದಾದಷ್ಟೂ ತಪ್ಪಿನ ಅಳತೆ ದೊಡ್ಡದು, ಇದು ವಿಜ್ಞಾನದ ಮೊದಲ ಪಾಠ. ಒಂದು ಕೆಜಿ ಮಾದರಿ ತೆಗೆದುಕೊಂಡರೆ ಅದೇ ಒಂದು ಗ್ರಾಮಿನ ತಪ್ಪು ಓಟಿಯಲ್ಲಿ 0.05ಕ್ಕೆ ಇಳಿಯುತ್ತದೆ.

ಇನ್ನೊಂದು ತೇವಾಂಶ. ಮೀಟರು 12.5 ತೋರಿಸಿತು, ರೋಬಸ್ಟಾ ಚೆರ್ರಿಗೆ ಇರಬೇಕಾದದ್ದು 11. “ಒಂದೂವರೆ ಪರ್ಸೆಂಟ್ ಕಟ್” ಅಂದರು. ಇಲ್ಲಿ ಲೆಕ್ಕ ಹೀಗೆ: ಐವತ್ತು ಕೆಜಿಯಲ್ಲಿ ನೀರು 6.25 ಕೆಜಿ, ಒಣಪದಾರ್ಥ 43.75. ಅದೇ ಒಣಪದಾರ್ಥ 11ರ ತೇವಕ್ಕೆ ಇಳಿದಾಗ ಚೀಲದ ತೂಕ 43.75ನ್ನು 0.89ರಿಂದ ಭಾಗಿಸಿದಷ್ಟು, ಅಂದರೆ 49.16 ಕೆಜಿ. ಕಡಿತ 840 ಗ್ರಾಂ. ಒಂದೂವರೆ ಪರ್ಸೆಂಟ್ ಎಂದು ನೇರ ಹಿಡಿದರೆ 750 ಗ್ರಾಂ. ಈ ವಿಷಯದಲ್ಲಿ ವ್ಯಾಪಾರಿ ರೈತನ ಪರವಾಗಿಯೇ ತಪ್ಪಿದ್ದರು. ಆದರೆ ಮೀಟರಿನ ಓದೇ ಒಂದು ಅಂಶ ಹೆಚ್ಚಿದ್ದರೆ ಚೀಲಕ್ಕೆ 560 ಗ್ರಾಂ, ಅರವತ್ತು ಚೀಲಕ್ಕೆ 33 ಕೆಜಿಗೂ ಹೆಚ್ಚು, ಸುಮಾರು 7,200 ರೂಪಾಯಿ ಹೋಗುತ್ತದೆ. ಈ ಮೀಟರುಗಳು ನೀರನ್ನು ನೇರವಾಗಿ ಅಳೆಯುವುದಿಲ್ಲ. ಬೀಜದ ಮೂಲಕ ವಿದ್ಯುತ್ತು ಹೇಗೆ ವರ್ತಿಸುತ್ತದೆ ಎಂಬುದನ್ನು ಅಳೆದು ತೇವವನ್ನು ಅಂದಾಜಿಸುತ್ತವೆ. ಪಾರ್ಚ್‌ಮೆಂಟಿನ ಸೆಟ್ಟಿಂಗ್‌ನಲ್ಲಿಟ್ಟು ಚೆರ್ರಿ ಹಾಕಿದರೆ ಅಂಕಿ ತಪ್ಪುತ್ತದೆ. ಮಧ್ಯಾಹ್ನದ ಬಿಸಿಲಿನ ಕಣದಿಂದ ನೇರ ತಂದ ಬಿಸಿ ಕಾಯಿ ಹಾಕಿದರೂ ತಪ್ಪುತ್ತದೆ. ಹಾಗೆಂದು ತೇವದ ನಿಯಮವೇ ವ್ಯಾಪಾರಿಗಳ ಕುತಂತ್ರ ಎನ್ನುವುದೂ ಸರಿಯಲ್ಲ. 12–13 ದಾಟಿದ ಕಾಫಿ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ಕೆಲವು ಬೂಷ್ಟು ಓಕ್ರಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಯುರೋಪಿನಲ್ಲಿ ಅದಕ್ಕೆ ಮಿತಿ ಇದೆ. ತೀರಾ ಒಣಗಿಸಿದರೆ ಹಲ್ಲಿಂಗ್‌ನಲ್ಲಿ ಬೀಜ ಒಡೆದು ಬಿಟ್ಸ್ ಆಗುತ್ತದೆ, ತೂಕವೂ ವ್ಯರ್ಥ.

ಅಲ್ಲಿದ್ದ ಹಿರಿಯರೊಬ್ಬರು ಹುಡುಗನನ್ನು ಪಕ್ಕಕ್ಕೆ ಕರೆದು, “ಮಾರಾಯ, ರೇಟಿಗೆ ಜಗಳ ಆಡ್ಬೇಡ, ಸ್ಯಾಂಪಲ್ ಇನ್ನೊಂದ್ ಸಲ ತೆಗೆಸು” ಎಂದರು. ವ್ಯಾಪಾರಿಯೂ ಒಪ್ಪಿದರು. ಹತ್ತು ಚೀಲ ಆರಿಸಿ, ಬಾಯಿ, ನಡು, ಬುಡ ಮೂರೂ ಕಡೆ ಕೊಳವೆ ಚುಚ್ಚಿ ತೆಗೆದು, ತಾಡಪಾಲಿನ ಮೇಲೆ ಸುರಿದು ಕಲಸಿ, ರಾಶಿಯನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟು, ಮತ್ತೆ ಕಲಸಿ, ಎರಡು ಕೆಜಿಗೆ ಇಳಿಸಿದರು. ಕಾಯಿ ತಣ್ಣಗಾಗಲಿ ಎಂದು ನೆರಳಿಗಿಟ್ಟರು. ಪುಟ್ಟ ಹಲ್ಲರ್‌ನಲ್ಲಿ ಇಷ್ಟೆಲ್ಲ ಸುಲಿಯಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಎದುರಿನ ಹೋಟೆಲಿನಿಂದ ಕಾಫಿ ಬಂತು, ಮಾತು ಲಂಡನ್ ಬಿಟ್ಟು ದೆಹಲಿಗೆ ಹೋಯಿತು.

“ಕಾಫಿ ಬೋರ್ಡು ಯಾಕೆ ರೇಟು ಕಟ್ಟಲ್ಲ?” ಇದು ಒಬ್ಬರ ದೂರು. ಬೋರ್ಡು ರೇಟು ಕಟ್ಟುತ್ತಿದ್ದ ಕಾಲವೊಂದಿತ್ತು. 1942ರ ಕಾಫಿ ಕಾಯ್ದೆಯ ಕೆಳಗೆ ಬೆಳೆಗಾರ ತನ್ನ ಕಾಫಿಯನ್ನೆಲ್ಲ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರಿಸಿ ಮಾರುವ ಒಟ್ಟುರಾಶಿಗೆ, ಒಪ್ಪಿಸಬೇಕಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ಹಂತ ಹಂತವಾಗಿ ಸಡಿಲಿಸಿ 1996ಕ್ಕೆ ಪೂರ್ತಿ ಕೈಬಿಟ್ಟರು. ಇಂದು ಬೋರ್ಡಿನ ಕೆಲಸ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ, ತೋಟಗಳಿಗೆ ಸಲಹೆ, ಸಹಾಯಧನ, ಪೇಟೆ ದರದ ಮಾಹಿತಿ. ಖರೀದಿ ಅದರ ಕೆಲಸವಲ್ಲ. ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಕಾಫಿ ಇಲ್ಲ. ಬೋರ್ಡು ಇರುವುದೂ ಕೃಷಿ ಸಚಿವಾಲಯದ ಕೆಳಗಲ್ಲ, ವಾಣಿಜ್ಯ ಸಚಿವಾಲಯದ ಕೆಳಗೆ. ಇದು ತಿಳಿಯದೆ ಮನವಿ ಪತ್ರ ಹಿಡಿದು ಕೃಷಿ ಸಚಿವರ ಬಾಗಿಲಿಗೆ ಹೋಗುವುದು, ಚುನಾವಣೆಯಲ್ಲಿ “ಕಾಫಿ ರೇಟು ಏರಿಸಿದ್ದು ನಾವೇ” ಎನ್ನುವವರನ್ನು ನಂಬುವುದು, ಎರಡೂ ಒಂದೇ ಅಜ್ಞಾನದ ಎರಡು ಮುಖ. ಭಾರತ ಬೆಳೆಯುವ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, ಜಗತ್ತಿನ ಒಟ್ಟು ಬೆಳೆಯಲ್ಲಿ ನಮ್ಮದು ಸಣ್ಣ ಪಾಲು. ದರ ನಿಲ್ಲುವುದು ಬ್ರೆಜಿಲ್ ಮತ್ತು ವಿಯೆಟ್ನಾಂನ ಬೆಳೆಯ ಮೇಲೆ. 1975ರ ಜುಲೈಯಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿದ್ದು ಗಿಡಗಳೇ ಸತ್ತವು. ದರದ ಶಿಖರ ಬಂದದ್ದು 1977ರಲ್ಲಿ. ನಮಗೆ ಆರಿದ್ರಾ ಮಳೆ ಹೊಡೆಯುವ ದಿನಗಳಲ್ಲಿ ಅಲ್ಲಿ ಚಳಿಗಾಲ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿದ್ದರ ಹಿಂದೆಯೂ ಬ್ರೆಜಿಲ್‌ನ ಬರದ ಪಾತ್ರ ದೊಡ್ಡದು.

“ರೂಪಾಯಿ ಬಿದ್ದೋಯ್ತು, ದೇಶ ಮುಳುಗ್ತು” ಎಂದ ಇನ್ನೊಬ್ಬರಿಗೆ ಹುಡುಗನೇ ಉತ್ತರ ಕೊಟ್ಟ, ಅದೂ ಸರಿಯಾಗಿಯೇ. ಡಾಲರ್ 85ರಿಂದ 87ಕ್ಕೆ ಹೋದರೆ ಲಂಡನ್ ಕದಲದಿದ್ದರೂ ಕೆಜಿಗೆ ಹತ್ತು ರೂಪಾಯಿ ಏರುತ್ತದೆ, 26 ಓಟಿಯ ಚೀಲಕ್ಕೆ 260 ರೂಪಾಯಿ. ಆದರೆ ತೋಟಕ್ಕೆ ಹಾಕುವ ಪೊಟ್ಯಾಷ್ ಬಹುತೇಕ ಪೂರ್ತಿ ಹೊರದೇಶದ್ದು, ಡೀಸೆಲ್ಲಿನ ಕಚ್ಚಾತೈಲ ಬಹುಪಾಲು ಹೊರಗಿನದು. ಅವುಗಳ ಮೇಲೂ ಅದೇ ಏರಿಕೆಯ ಒತ್ತಡ ಬೀಳುತ್ತದೆ. ರೂಪಾಯಿ ಬೀಳುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು ಯಾರಿಗೆ ಎಂದು ಕೇಳಬೇಕು.

ಹೋಟೆಲಿನವರದ್ದೂ ಒಂದು ಪ್ರಶ್ನೆ ಬಂತು: ಕಾಫಿ ಪುಡಿ ಏರಿತೆಂದು ಲೋಟಕ್ಕೆ ಐದು ರೂಪಾಯಿ ಏರಿಸುವುದು ನ್ಯಾಯವೇ ಎಂದು ಗಿರಾಕಿಗಳು ಬೈಯುತ್ತಾರಂತೆ. ಬೀಜ ಹುರಿದಾಗ ನೀರು, ಅನಿಲ ಹೋಗಿ ಕೆಜಿಗೆ ಸುಮಾರು 830 ಗ್ರಾಂ ಉಳಿಯುತ್ತದೆ. 425ರ ಬೀಜ ಹುರಿದ ಕೂಡಲೇ, ಬೇರೆ ಖರ್ಚು ಸೇರುವ ಮೊದಲೇ, 512 ಆಯಿತು. ಲೋಟಕ್ಕೆ ಹತ್ತು ಗ್ರಾಂ ಪುಡಿ ಹಿಡಿದರೆ, ಪುಡಿ ಕೆಜಿಗೆ ನೂರು ರೂಪಾಯಿ ಏರಿದಾಗ ಲೋಟದ ಮೇಲೆ ಬೀಳುವುದು ಒಂದು ರೂಪಾಯಿ. ಚಿಕೋರಿ ಬೆರೆಸಿದ್ದರೆ ಇನ್ನೂ ಕಡಿಮೆ. ಕಾನೂನಿನಂತೆ ಬೆರಕೆ ಪುಡಿಯಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು, ಚಿಕೋರಿ 49ರವರೆಗೆ ಹೋಗಬಹುದು. ಐದು ರೂಪಾಯಿ ಏರಿಕೆಯಲ್ಲಿ ಉಳಿದದ್ದು ಹಾಲು, ಗ್ಯಾಸು, ಸಕ್ಕರೆ, ಕೂಲಿ, ಬಾಡಿಗೆ. ಅವು ಏರಿಲ್ಲ ಎಂದು ಯಾರೂ ಹೇಳಲಾರರು, ಆದರೆ ತಪ್ಪೆಲ್ಲ ಕಾಫಿ ಬೆಳೆಗಾರನ ತಲೆಗೆ ಬರುತ್ತದೆ. “ಹಣದುಬ್ಬರ ಇಳೀತು ಅಂತ ಪೇಪರಲ್ಲಿ ಹಾಕಿದ್ರಲ್ಲ, ಮತ್ಯಾಕೆ ಯಾವ್ದೂ ಇಳಿದಿಲ್ಲ?” ಎಂದರು ಹೋಟೆಲಿನವರು. ಹಣದುಬ್ಬರ ಶೇಕಡಾ ಏಳರಿಂದ ನಾಲ್ಕಕ್ಕೆ ಇಳಿಯಿತೆಂದರೆ ನೂರು ರೂಪಾಯಿಯ ಸಾಮಾನು ಮೊದಲ ವರ್ಷ 107, ಮರುವರ್ಷ 111 ರೂಪಾಯಿ ಚಿಲ್ಲರೆ ಆಯಿತು ಎಂದರ್ಥ. ಇಳಿದದ್ದು ಏರಿಕೆಯ ವೇಗ. ಬೆಲೆ ಇಳಿಸುವುದು ರಿಸರ್ವ್ ಬ್ಯಾಂಕಿನ ಗುರಿಯೂ ಅಲ್ಲ. 2016ರಿಂದ ಅದಕ್ಕೆ ಕೊಟ್ಟಿರುವ ಗುರಿ ವರ್ಷಕ್ಕೆ ಶೇಕಡಾ ನಾಲ್ಕರಷ್ಟು ಏರಿಕೆ, ಎರಡರಿಂದ ಆರರ ನಡುವೆ.

ಅಷ್ಟರಲ್ಲಿ ಮಾದರಿ ಸಿದ್ಧವಾಯಿತು. ಒಂದು ಕೆಜಿಗೆ 528 ಗ್ರಾಂ ಬೀಜ, ಅಂದರೆ ಓಟಿ 26.4. ತಣ್ಣಗಾದ ಕಾಯಿಗೆ ತೇವಾಂಶ 11.8. ದರ ಅದೇ 410. ಚೀಲ 10,824ಕ್ಕೆ ಹೋಯಿತು, ತೇವದ ಕಡಿತವೂ ಒಂದೂವರೆಯಿಂದ 0.8 ಪರ್ಸೆಂಟಿಗೆ ಇಳಿಯಿತು. ಓಟಿಯಿಂದಲೇ ಅರವತ್ತು ಚೀಲಕ್ಕೆ ಹತ್ತು ಸಾವಿರದ ಹತ್ತಿರ ವ್ಯತ್ಯಾಸ. ಎರಡನೇ ಮಾದರಿ ಎಲ್ಲ ಸಲವೂ ಬೆಳೆಗಾರನ ಪರವಾಗಿಯೇ ಬರುತ್ತದೆ ಎಂದು ತಿಳಿಯಬಾರದು. ಜೊಳ್ಳು, ಬಲಿಯದ ಕಾಯಿ, ಕಾಯಿಕೊರಕ ತಿಂದ ಬೀಜ ಬುಡದ ಚೀಲಗಳಲ್ಲಿದ್ದರೆ ಓಟಿ ಇಳಿಯಲೂಬಹುದು, ಆಗ ಅದನ್ನೂ ಒಪ್ಪಬೇಕು.

ಮಾರಲು ಹೋಗುವವರು ಮನೆಯಲ್ಲೇ ಒಂದು ಕೆಜಿ ಸುಲಿದು ತೂಗಿ ಅಂದಾಜು ಓಟಿ ಬರೆದುಕೊಂಡು ಹೋಗುವುದು ಒಳ್ಳೆಯದು. ರೇಟು ಕೇಳುವಾಗ ಓಟಿಗೋ ಚೀಲಕ್ಕೋ, ಚೀಲದ ಐವತ್ತು ಕೆಜಿಯಲ್ಲಿ ಗೋಣಿಯ ತೂಕ ಸೇರಿದೆಯೋ ಇಲ್ಲವೋ ಎಂದು ಮೊದಲೇ ಬಾಯಿಬಿಟ್ಟು ಕೇಳಬೇಕು. ತೇವಕ್ಕೆಂದು ತೂಕದಲ್ಲಿ ಕಡಿದ ಮೇಲೆ ಅದೇ ಕಾರಣ ಹೇಳಿ ಓಟಿಯಲ್ಲೂ ಕಡಿದರೆ ಒಪ್ಪಬಾರದು. ಕಲಸಿ ಇಳಿಸಿದ ಎರಡು ಕೆಜಿಯಲ್ಲಿ ಸುಲಿಯದ ಇನ್ನೊಂದು ಕೆಜಿಯನ್ನು ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ, ಇಬ್ಬರೂ ಸಹಿ ಮಾಡಿದ ಚೀಟಿ ಅಂಟಿಸಿ, ಪೂರ್ತಿ ಹಣ ಕೈಸೇರುವ ತನಕ ಇಡಬೇಕು. ಬಟ್ಟೆ ಚೀಲದಲ್ಲಿ ಇಟ್ಟರೆ ಅದು ಗಾಳಿಯ ತೇವ ಕುಡಿದು, ತಕರಾರು ಬಂದ ದಿನ ಸಾಕ್ಷಿಗೆ ಬರುವುದಿಲ್ಲ.