ದೀಪದ ಕಂಬಕ್ಕೆ ವೈರು ಹಾಕಿದ ಊರು

59ನೇ ಬೀದಿಯ ನಿಲ್ದಾಣ ಬಿಟ್ಟರೆ ನ್ಯೂಯಾರ್ಕಿನ ಡಿ ರೈಲು ನಡುವೆ ಎಲ್ಲಿಯೂ ನಿಲ್ಲದೆ 125ನೇ ಬೀದಿಗೇ ಹೋಗಿ ನಿಲ್ಲುತ್ತದೆ. ಬಾಗಿಲು ಮುಚ್ಚಿದ್ದೇ ತಡ, ಮೂವರು ಹುಡುಗರು ‘ಶೋಟೈಮ್!’ ಎಂದು ಕೂಗಿದರು. ಒಬ್ಬ ಸ್ಪೀಕರ್ ಹಚ್ಚಿದ. ಇನ್ನೊಬ್ಬ ಕಂಬಕ್ಕೆ ಕಾಲು ಸುತ್ತಿ ಬಾವಲಿಯಂತೆ ತಲೆಕೆಳಗಾದ. ಮೂರನೆಯವನ ಬೂಟು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಸುಯ್ಯನೆ ಹಾದುಹೋಯಿತು. ನಾನು ಹಿಂದಕ್ಕೆ ಸರಿದೆ. ಎದುರಿಗಿದ್ದ ಹೆಂಗಸು ಓದುತ್ತಿದ್ದ ಪುಸ್ತಕದಿಂದ ಕಣ್ಣನ್ನೂ ಎತ್ತಲಿಲ್ಲ.

“ಈ ಹುಡುಗರು ಇದೇ ರೈಲು ಯಾಕೆ ಹತ್ತುತ್ತಾರೆ ಗೊತ್ತೇ ಮಾಮ? ಇಷ್ಟು ಹೊತ್ತು ಯಾರೂ ಇಳಿದು ಹೋಗುವ ಹಾಗಿಲ್ಲ” ಎಂದ ಅಕ್ಕನ ಮಗ, ಮುಂದೆ ಬಂದ ಟೋಪಿಗೆ ಒಂದು ಡಾಲರ್ ಹಾಕುತ್ತ. 2014ರ ಸುಮಾರಿಗೆ ಪೊಲೀಸರು ಇವರನ್ನು ಹಿಡಿದು ಹಿಡಿದು ಒಳಗೆ ಹಾಕಿದ್ದರಂತೆ. ಆದರೂ ಕುಣಿತ ನಿಂತಿಲ್ಲ.

ಜರ್ಸಿ ಸಿಟಿಯಲ್ಲಿರುವ ಅವನ ಮನೆಗೆ ಬಂದವರನ್ನೆಲ್ಲ ನಯಾಗರಾ, ಲಿಬರ್ಟಿ ಪ್ರತಿಮೆ ಎಂದು ತಿರುಗಿಸಿ ಅವನಿಗೆ ಸಾಕಾಗಿದೆ. ನಾನು ನ್ಯೂಯಾರ್ಕಿನ ಉತ್ತರ ಭಾಗವಾದ ಬ್ರಾಂಕ್ಸ್ ನೋಡಬೇಕು ಎಂದಾಗ ಮೃಗಾಲಯಕ್ಕೆ ಟಿಕೆಟ್ ತೆಗೆಸಲು ಹೊರಟಿದ್ದ. ಬ್ರೇಕ್ ಡ್ಯಾನ್ಸ್ ಹುಟ್ಟಿದ ಕಟ್ಟಡ ನೋಡುವುದಕ್ಕೆ ಎಂದ ಮೇಲೆ ನನ್ನ ಮಂಡಿಗಳ ಕಡೆ ಒಮ್ಮೆ ನೋಡಿ ಸುಮ್ಮನಾದ.

ನನ್ನ ಹಳೆಯ ಸಾಲವೊಂದಿತ್ತು. ದಾವಣಗೆರೆಯಲ್ಲಿ ಹೈಸ್ಕೂಲು ಓದುವಾಗ ವಾರ್ಷಿಕೋತ್ಸವದಲ್ಲಿ ನಾವು ನಾಲ್ವರು ಮಂಡಿಗೆ ರಿಬ್ಬನ್ ಕಟ್ಟಿ, ಒಂದೇ ಕೈಗೆ ಗವಸು ತೊಟ್ಟು ‘ಬ್ರೇಕ್ ಡ್ಯಾನ್ಸ್’ ಮಾಡಿದ್ದೆವು. ಮೈಯನ್ನು ಮುರಿದು ಮುರಿದು ಕುಣಿಯುವುದರಿಂದ ಅದಕ್ಕೆ ಆ ಹೆಸರು ಎಂದೇ ನಂಬಿದ್ದೆವು. ಮೂರ್ಛೆ ರೋಗ ಬಂದವರ ಹಾಗೆ ಆಡಬೇಡಿ ಎಂದು ಹೆಡ್ಮಾಸ್ಟರು ಬೈದದ್ದೂ ಅದೇ ತಿಳಿವಳಿಕೆಯಿಂದ. ಎರಡೂ ಕಡೆಯವರದ್ದು ತಪ್ಪು. ನಾವು ಮಾಡಿದ ಯಂತ್ರಮಾನವನ ಸೆಟೆತ, ಕೈಯಲ್ಲಿ ಹರಿಸಿದ ಅಲೆ ಇವೆಲ್ಲ ಕ್ಯಾಲಿಫೋರ್ನಿಯಾದ ‘ಪಾಪಿಂಗ್’. ಅದು ಬೇರೆಯೇ ಕುಣಿತ. ಸಿನಿಮಾ, ವಿಡಿಯೋ ಕ್ಯಾಸೆಟ್ಟುಗಳು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ನಮಗೆ ಕಳಿಸಿದ್ದವು. ಇನ್ನು ಬ್ರೇಕ್ ಎಂದರೆ ಮೂಳೆ ಮುರಿಯುವುದಲ್ಲ. ಹಾಡಿನ ನಡುವೆ ಹಾಡುಗಾರ ಬಾಯಿ ಮುಚ್ಚಿ, ಉಳಿದ ವಾದ್ಯಗಳೂ ಹಿಂದೆ ಸರಿದು ಬರೀ ಡ್ರಮ್ಮು ಉಳಿಯುವ ಕೆಲವೇ ಸೆಕೆಂಡುಗಳ ತುಣುಕು ಅದು.

ಗ್ರ್ಯಾಂಡ್ ಕಾನ್ಕೋರ್ಸ್ ರಸ್ತೆಯಲ್ಲಿ ಇಳಿದು ಪಶ್ಚಿಮಕ್ಕೆ ನಡೆದೆವು. ಅರ್ಧ ಗಂಟೆಯ ದಾರಿ. ಪಕ್ಕದಲ್ಲೇ, ಆಳದ ಕಂದಕದಲ್ಲಿ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ. ಕಟ್ಟೆಗೆ ಒರಗಿ ಕೆಳಗೆ ನೋಡಿದರೆ ಲಾರಿಗಳ ಬೆನ್ನು ಮಾತ್ರ ಕಾಣುತ್ತದೆ. ಹೊಗೆ ನೇರ ಮುಖಕ್ಕೆ. ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ 1948ರಲ್ಲಿ ಶುರು ಮಾಡಿಸಿದ ಈ ಹೆದ್ದಾರಿಯ ಒಂದೇ ಒಂದು ಮೈಲಿಗಾಗಿ ಈಸ್ಟ್ ಟ್ರೀಮಾಂಟ್‌ನಲ್ಲಿ 1,530 ಕುಟುಂಬಗಳನ್ನು ಎಬ್ಬಿಸಿದರು. ಅನುಕೂಲಸ್ಥರು ಊರು ಬಿಟ್ಟರು, ಬಾಡಿಗೆ ಹುಟ್ಟದ ಮನೆಗಳು ಉರಿಯತೊಡಗಿದವು. 1970ರಿಂದ 1980ರೊಳಗೆ ಇಲ್ಲಿನ ಏಳು ಜನಗಣತಿ ವಿಭಾಗಗಳು ಶೇ. 97ಕ್ಕೂ ಹೆಚ್ಚು ಕಟ್ಟಡಗಳನ್ನು ಬೆಂಕಿಗೋ ಪಾಳುಬೀಳುವುದಕ್ಕೋ ಕಳೆದುಕೊಂಡವು. ಈಗ ಆ ಬೂದಿಯ ಗುರುತು ನನಗೆಲ್ಲೂ ಕಾಣಲಿಲ್ಲ. ಜೆರೋಮ್ ಅವೆನ್ಯೂದಲ್ಲಿ ತಲೆಯ ಮೇಲೆ ರೈಲು ಗಡಗಡಿಸುತ್ತಿತ್ತು.

ಸೆಡ್ಜ್‌ವಿಕ್ ಅವೆನ್ಯೂ, ಮನೆ ಸಂಖ್ಯೆ 1520. ಹಾರ್ಲೆಮ್ ನದಿಯ ಕಡೆಗೆ ಇಳಿಜಾರಿನಲ್ಲಿ ನಿಂತ ಎತ್ತರದ ಇಟ್ಟಿಗೆ ಕಟ್ಟಡ; ನದಿಗೂ ಅದಕ್ಕೂ ನಡುವೆ ಇನ್ನೊಂದು ಹೆದ್ದಾರಿ. ರಸ್ತೆಯ ಫಲಕದಲ್ಲಿ ‘ಹಿಪ್ ಹಾಪ್ ಬುಲೆವಾರ್ಡ್’ ಎಂದು ಇಲ್ಲದಿದ್ದರೆ ನಮ್ಮ ಹೌಸಿಂಗ್ ಬೋರ್ಡಿನ ವಸತಿ ಸಮುಚ್ಚಯವೇ ಎನ್ನಬೇಕು. ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ, ಹಾಗಾಗಿ ಬಾಗಿಲಲ್ಲೇ ನಿಂತೆವು. ಬಟ್ಟೆ ಒಗೆಯಲು ಚಕ್ರದ ಗಾಡಿಯಲ್ಲಿ ಮೂಟೆ ಎಳೆದುಕೊಂಡು ಹೊರಬಂದ ಅಜ್ಜಿಯೊಬ್ಬರು ನನ್ನ ಕ್ಯಾಮೆರಾ ನೋಡಿ ನಕ್ಕರು. ಅದೊಂದು ಕೋಣೆ ಅಷ್ಟೇ, ಏನೂ ಇಲ್ಲ ಎಂದರು.

ಆ ಕೋಣೆ ನೆಲಮಹಡಿಯಲ್ಲಿದೆ. 1973ರ ಆಗಸ್ಟ್ 11ರ ರಾತ್ರಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಅಲ್ಲಿ ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಬೇಕಿತ್ತು, ಅಷ್ಟೇ ಕಾರಣ. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50. ಹಾಡು ಹಾಕಲು ಕೂತವನು ಅಣ್ಣ ಕ್ಲೈವ್, ಆಗ 18 ವರ್ಷ. ಜಮೈಕಾದ ಕಿಂಗ್‌ಸ್ಟನ್‌ನಿಂದ 12ರ ವಯಸ್ಸಿನಲ್ಲಿ ಬಂದವನು. ಜಗತ್ತಿಗೆ ಅವನು ಡಿಜೆ ಕೂಲ್ ಹರ್ಕ್.

ಹರ್ಕ್ ಗಮನಿಸಿದ್ದು ಒಂದು ಸಂಗತಿ. ಕೆಲವು ಹುಡುಗರು ಹಾಡಿನುದ್ದಕ್ಕೂ ಗೋಡೆಗೆ ಒರಗಿ ನಿಂತಿರುತ್ತಿದ್ದರು, ಆ ಡ್ರಮ್ಮಿನ ತುಣುಕು ಬಂದಾಗ ಮಾತ್ರ ನಡುವೆ ನುಗ್ಗುತ್ತಿದ್ದರು. ಅದು ಮುಗಿದರೆ ಮತ್ತೆ ಗೋಡೆ. ಇವರಿಗೆ ಬೇಕಾದದ್ದು ಅದೊಂದೇ ಆದರೆ ಉಳಿದ ಹಾಡು ಯಾಕೆ? ಅವನು ಒಂದೇ ರೆಕಾರ್ಡಿನ ಎರಡು ಪ್ರತಿ ತಂದು, ಒಂದರಲ್ಲಿ ತುಣುಕು ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರು ಮಾಡಿ ಸೆಕೆಂಡುಗಳನ್ನು ನಿಮಿಷಗಳಾಗಿ ಹಿಗ್ಗಿಸಿದ. ಆ ಹುಡುಗರಿಗೆ ‘ಬಿ-ಬಾಯ್’, ಅಂದರೆ ಬ್ರೇಕಿನ ಹುಡುಗರು, ಎಂದು ಹೆಸರಿಟ್ಟ. ಸಂಗೀತ ಬದಲಾಗಿ ಕುಣಿತ ಹುಟ್ಟಿತು ಎಂದು ಹಲವರು ಬರೆಯುತ್ತಾರೆ. ನನಗೆ ಅದು ತಿರುವುಮುರುವಾಗಿ ಕಾಣುತ್ತದೆ: ಗೋಡೆಗೆ ಒರಗಿ ಕಾಯುತ್ತಿದ್ದ ಹುಡುಗರೇ ಸಂಗೀತವನ್ನು ಬದಲಾಯಿಸಿದ್ದು.

ಬ್ರಾಂಕ್ಸ್‌ನ ಬೀದಿ ಬೀದಿಗೂ ಆಗ ಒಂದೊಂದು ಗ್ಯಾಂಗು. 1971ರಲ್ಲಿ ಘೆಟ್ಟೊ ಬ್ರದರ್ಸ್ ಗುಂಪಿನ ಬ್ಲ್ಯಾಕ್ ಬೆಂಜಿ ಜಗಳ ಬಿಡಿಸಲು ಹೋಗಿ ಸತ್ತ. ಅವನ ಕಡೆಯವರು ಸೇಡಿಗೆ ಹೊರಡದೆ ಎಲ್ಲ ಗ್ಯಾಂಗುಗಳನ್ನೂ ಕರೆದರು. ಡಿಸೆಂಬರ್ 8ರಂದು ಹೋ ಅವೆನ್ಯೂದ ಬಾಯ್ಸ್ ಕ್ಲಬ್ಬಿನಲ್ಲಿ ರಾಜಿಯಾಯಿತು. ಕಾಳಗ ನಿಂತೇಹೋಯಿತು ಎಂದಲ್ಲ. ಆದರೆ ಪರಬೀದಿಯ ಪಾರ್ಟಿಗೆ ಹೋಗಿ ಜೀವಸಹಿತ ಮರಳಬಹುದು ಎನ್ನುವ ಧೈರ್ಯ ಬಂತು. ಎದುರಾಳಿಯ ಮುಖಕ್ಕೆ ಮುಖ ಕೊಟ್ಟು, ಹೊಡೆದಂತೆ ಮಾಡಿ ಹೊಡೆಯದೆ, ಮೈ ಮುಟ್ಟದೆ ಅವಮಾನಿಸುವ ಭಂಗಿಗಳು ಈ ಕುಣಿತದಲ್ಲಿ ಇಂದಿಗೂ ಇವೆ. ಸ್ಪರ್ಧೆಯನ್ನು ಅವರು ಕರೆಯುವುದೇ ‘ಬ್ಯಾಟಲ್’ ಎಂದು.

ಮೊದಲ ಪೀಳಿಗೆ ನಿಂತೇ ಹೆಚ್ಚು ಕುಣಿಯುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಕಪ್ಪು ಹುಡುಗರಿಗೆ ಇದು ಹಳತಾಗಿ, ಪೋರ್ಟೊ ರಿಕೊ ಮೂಲದ ಹುಡುಗರು ಎತ್ತಿಕೊಂಡರು. ಮನೆಯ ಸಾಲ್ಸಾ, ಅಗ್ಗದ ಟಿಕೆಟ್ಟಿನ ಕುಂಗ್‌ಫೂ ಸಿನಿಮಾ, ಜಿಮ್ನಾಸ್ಟಿಕ್ಸ್ ಎಲ್ಲವನ್ನೂ ಬೆರೆಸಿ ಕುಣಿತವನ್ನು ನೆಲಕ್ಕೆ ಇಳಿಸಿದರು. ಕೈ ಊರಿ ಮೈಯ ಸುತ್ತ ಕಾಲು ತಿರುಗಿಸುವ ‘ಸಿಕ್ಸ್ ಸ್ಟೆಪ್’, ಭುಜ ಬೆನ್ನುಗಳ ಮೇಲೆ ಗಿರಗಿರನೆ ಉರುಳುವ ‘ವಿಂಡ್‌ಮಿಲ್’, ತಾಳಕ್ಕೆ ಸರಿಯಾಗಿ ಕಲ್ಲಾಗಿ ನಿಲ್ಲುವ ‘ಫ್ರೀಜ್’. ಫುಟ್‌ಪಾತಿನ ಸಿಮೆಂಟಿನಲ್ಲಿ ಚರ್ಮ ಉಳಿಯಬೇಕಲ್ಲ, ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿಕೊಂಡರು. 1981ರಲ್ಲಿ ಲಿಂಕನ್ ಸೆಂಟರಿನ ಬಯಲಿನಲ್ಲಿ ರಾಕ್ ಸ್ಟೆಡಿ ಕ್ರೂ ಮತ್ತು ಡೈನಮಿಕ್ ರಾಕರ್ಸ್ ಎಂಬ ಎರಡು ಕುಣಿತದ ತಂಡಗಳು ಎದುರುಬದುರಾದಾಗ ರಾಕ್ ಸ್ಟೆಡಿಯ ಕ್ರೇಜಿ ಲೆಗ್ಸ್ ಎಂಬವನಿಗೆ 15 ವರ್ಷ.

2024ರಲ್ಲಿ ಇದು ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಯಿತು, 2028ರ ಪಟ್ಟಿಯಲ್ಲಿ ಇಲ್ಲ. ನನಗೇನೂ ಬೇಸರವಿಲ್ಲ. ಪ್ಯಾರಿಸ್ಸಿನಲ್ಲೂ ಯಾವ ಹಾಡು ಬರುತ್ತದೆಂದು ಕುಣಿಯುವವರಿಗೆ ಮೊದಲೇ ಹೇಳಿರಲಿಲ್ಲ; ಅಷ್ಟರಮಟ್ಟಿಗೆ ಬೀದಿಯ ಕಾನೂನು ಉಳಿದಿತ್ತು.

ಕೊನೆಗೆ ಹೋದದ್ದು ಅಲ್ಲೇ ಉತ್ತರಕ್ಕಿರುವ ಸೀಡರ್ ಆಟದ ಮೈದಾನಕ್ಕೆ. ಕೋಣೆ ಸಾಲದಾದಾಗ ಹರ್ಕ್ ತನ್ನ ಸ್ಪೀಕರುಗಳನ್ನು ಇಲ್ಲಿಗೆ ಹೊತ್ತು ತಂದ. ಕರೆಂಟು ಬೀದಿ ದೀಪದ ಕಂಬದಿಂದ. ಕಂಬದ ಬುಡದಲ್ಲಿ ಅಂಗೈಯಗಲದ ಕಬ್ಬಿಣದ ಮುಚ್ಚಳ ಕಂಡಿತು. ಬಗ್ಗಿ ಬೆರಳಿಂದ ತಟ್ಟಿದೆ.

“ಮಾಮ, ಕೈ ಹಾಕಬೇಡಿ. ಇಲ್ಲಿ ಹಿಡಿದರೆ ಬಿಡಿಸುವವರಿಲ್ಲ.”

ದಾವಣಗೆರೆಯಲ್ಲಿ ನಮ್ಮ ಓಣಿಯ ಗಣಪತಿಗೆ ಕಂಬದಿಂದ ವೈರು ಎಳೆಯುವ ಕೆಲಸ ಮೂರು ವರ್ಷ ನನ್ನದೇ ಆಗಿತ್ತು, ಒಣ ಬಿದಿರು ಮತ್ತು ಹವಾಯಿ ಚಪ್ಪಲಿ ಇದ್ದರೆ ಆಯಿತು ಎಂದು ಅವನಿಗೆ ಹೇಳಿದೆ. ಅವನು ನಂಬಲಿಲ್ಲ. ಅವನ ಅಮ್ಮನಿಗೆ ಫೋನು ಹಚ್ಚಿ ಕೇಳಿದ. ಊರಲ್ಲಿ ಆಗ ರಾತ್ರಿ ಒಂದೂವರೆ. ಅಕ್ಕ ಇಬ್ಬರಿಗೂ ಬೈದಳು.