ಐದು ಉಂಡೆ, ಐದು ಕಡ್ಡಿ

ಕಾಲೇಜಿನ ಮೊದಲ ವರ್ಷ. ಒಂದು ಮಧ್ಯಾಹ್ನ ರಸಾಯನಶಾಸ್ತ್ರದ ಮೇಡಂ ಪುಸ್ತಕದ ಬದಲು ಜೇಡಿಮಣ್ಣಿನ ಮುದ್ದೆಯನ್ನೂ ತಲೆ ಮುರಿದ ಬೆಂಕಿಕಡ್ಡಿಗಳನ್ನೂ ತಂದರು. "ನಡುವೆ ರಂಜಕ, ಸುತ್ತ ಐದು ಕ್ಲೋರಿನ್. ಐದಕ್ಕೂ ಒಂದೇ ಬಗೆಯ ಜಾಗ ಸಿಗಬೇಕು, ಚುಚ್ಚಿ ನೋಡಿ" ಎಂದರು.

ನಾಲ್ಕೇ ಕಡ್ಡಿಗಳಾಗಿದ್ದರೆ ಚತುರ್ಮುಖಿ ಸುಲಭವಾಗಿ ಬರುತ್ತಿತ್ತು. ಐದನೆಯದನ್ನು ಎಲ್ಲಿ ಚುಚ್ಚಿದರೂ ಪಕ್ಕದ್ದಕ್ಕೆ ತಾಗುತ್ತಿತ್ತು. ನನ್ನ ಉಂಡೆ ತೂತುಗಳಿಂದ ಸಡಿಲವಾಗಿ ಕಡ್ಡಿಗಳು ಜೋತುಬಿದ್ದವು. ಮೇಡಂ ಪಕ್ಕದಲ್ಲಿ ಕುಳಿತು ಹೊಸ ಉಂಡೆ ಕಟ್ಟಿ, ಸೊಂಟದ ಸುತ್ತ ಮೂರು, ನೆತ್ತಿಗೊಂದು, ಬುಡಕ್ಕೊಂದು ಚುಚ್ಚಿದರು. ಸೊಂಟದ ಮೂರರ ನಡುವೆ 120 ಡಿಗ್ರಿ ಅಂತರ. ನೆತ್ತಿ ಮತ್ತು ಬುಡದವಕ್ಕೆ 90 ಡಿಗ್ರಿಯಲ್ಲೇ ಮೂರು ಮೂರು ನೆರೆಯವರು. "ಇಕ್ಕಟ್ಟು ಯಾರಿಗೆ ಹೆಚ್ಚು?" ಎಂದು ಕೇಳಿ, ಸೊಂಟದ ಕಡ್ಡಿಗಳನ್ನು ಉಗುರಿನಿಂದ ಚಿವುಟಿ ಗಿಡ್ಡ ಮಾಡಿದರು. ಐದು ಕ್ಲೋರಿನ್‌ಗಳ ಈ ಸಂಯುಕ್ತ ರಂಜಕದ ಪೆಂಟಾಕ್ಲೋರೈಡ್; ಅದರ ಅನಿಲರೂಪದಲ್ಲಿ ನೆತ್ತಿ-ಬುಡದ ಬಂಧಗಳು ಸುಮಾರು 214 ಪಿಕೋಮೀಟರ್ (ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು), ಸೊಂಟದವು 202. ಈ ಎರಡು ಅಂಕಿಗಳನ್ನು ನಾನು ಬಾಯಿಪಾಠ ಮಾಡಲೇ ಇಲ್ಲ, ಆದರೂ ಮರೆತಿಲ್ಲ.

ಮೂರೇ ಕ್ಲೋರಿನ್ ಇರುವ ಟ್ರೈಕ್ಲೋರೈಡನ್ನು ಅವರು ಬೇಗ ಮುಗಿಸಿದರು: ಮೂರು ಬಂಧ, ಬಂಧಕ್ಕೆ ಸೇರದ ಎಲೆಕ್ಟ್ರಾನ್‌ಗಳ ಒಂದು ಒಂಟಿ ಜೋಡಿ, ಸುಮಾರು 100 ಡಿಗ್ರಿಯ ಪಿರಮಿಡ್. ಐದು ಬಂಧಗಳಿಗೆ ರಂಜಕದ ಡಿ-ಕಕ್ಷಕಗಳೆಂಬ ಎಲೆಕ್ಟ್ರಾನ್ ನೆಲೆಗಳೂ ಬೆರೆಯುತ್ತವೆ ಎನ್ನುವ ಸಂಕರಣದ ವಿವರಣೆಯನ್ನು ಪರೀಕ್ಷೆಗೆಂದು ಬರೆಸಿದರೂ, "ಬಂಧದಲ್ಲಿ ಅವುಗಳ ಪಾಲು ತೀರಾ ಕಡಿಮೆ" ಎಂದು ಆಗಲೇ ಎಚ್ಚರಿಸಿದ್ದರು. ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮರುದಿನ ಪೆಂಟಾಕ್ಲೋರೈಡಿನ ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟು, ಒಂದರಿಂದ ಕ್ಲೋರಿನ್ ಉಂಡೆಯೊಂದನ್ನು ಕಡ್ಡಿಸಮೇತ ಕಿತ್ತು ಇನ್ನೊಂದಕ್ಕೆ ಚುಚ್ಚಿದರು. ನಾಲ್ಕು ಉಳಿದದ್ದು ಚತುರ್ಮುಖಿಯಾಯಿತು, ಆರು ಪಡೆದದ್ದು ಅಷ್ಟಮುಖಿಯಾಯಿತು. ಘನರೂಪದಲ್ಲಿ ಪೆಂಟಾಕ್ಲೋರೈಡ್ ಇರುವುದು ಹೀಗೆಯೇ, ಧನ ಮತ್ತು ಋಣ ಅಯಾನುಗಳಾಗಿ. ಬಾಟಲಿಯ ಮೇಲಿನ ಸೂತ್ರದಂತೆ ಐದು ಕ್ಲೋರಿನ್ ಹೊತ್ತ ಅಣು ಆ ಹರಳಿನಲ್ಲಿ ಒಂದೂ ಇಲ್ಲ! ಆ ದಿನ ನನಗೆ ಪಾಠದ ಮುಂದಿನ ಮಾತು ಕೇಳಿಸಲೇ ಇಲ್ಲ.

ಸ್ನಾತಕೋತ್ತರ ಓದುವಾಗ, ಕ್ಲೋರಿನ್ ಬದಲು ಫ್ಲೋರಿನ್ ಇರುವ ಪೆಂಟಾಫ್ಲೋರೈಡಿನ ಎನ್‌ಎಂಆರ್ ರೋಹಿತ ನೋಡಿದೆ; ಅಣುವಿನ ಪರಮಾಣುಗಳು ಎಂಥ ಜಾಗದಲ್ಲಿವೆ ಎಂದು ಕಾಂತಕ್ಷೇತ್ರದಲ್ಲಿಟ್ಟು ತಿಳಿಯುವ ದಾಖಲೆ ಅದು. ಐದು ಫ್ಲೋರಿನ್‌ಗಳೂ ಒಂದೇ ಬಗೆಯವಾಗಿ ಕಾಣುತ್ತಿದ್ದವು. ನೆತ್ತಿಯವು ಸೊಂಟಕ್ಕೆ, ಸೊಂಟದವು ನೆತ್ತಿಗೆ ಅಷ್ಟು ವೇಗವಾಗಿ ಜಾಗ ಬದಲಿಸುತ್ತವೆ. 1960ರಲ್ಲಿ ರಸಾಯನವಿಜ್ಞಾನಿ ಬೆರ್ರಿ ವಿವರಿಸಿದ ಚಲನೆ ಅದು. ರಜೆಯಲ್ಲಿ ಮೇಡಂ ಅವರನ್ನು ಕಂಡು ಹೇಳಿದೆ. ಅವರು ಮೇಜಿನ ಸೆಳೆಖಾನೆಯಿಂದ ಬೆಂಕಿಪೊಟ್ಟಣ ತೆಗೆದು, "ಚುಚ್ಚಿ ತೋರಿಸು" ಎಂದರು.